ಗೇರ್ ಆಯಿಲ್: ದರ್ಜೆ ಮೇಲಿನದಾದರೆ ಸಾಲದು, ಗೇರ್‌ಬಾಕ್ಸಿಗೆ ಹೊಂದಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಸ್ಪೋರ್ಟ್ಸ್ ಕಾರುಗಳ ನಿರ್ವಹಣೆಯ ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್, ಬ್ರೇಕ್ ಮತ್ತು ಟಯರುಗಳ ಬಗ್ಗೆ ಅದರಲ್ಲಿ ಹೇಳಿರುವುದಕ್ಕೆಲ್ಲ ನನ್ನ ಸಹಮತವಿದೆ. ಆದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಎಣ್ಣೆಯ ವಿಷಯದಲ್ಲಿ ಬಂದಿರುವ ಎರಡು ಮಾತುಗಳನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಒಮ್ಮೆ ತುಂಬಿದ ಗೇರ್ ಆಯಿಲ್ ಕಾರಿನ ಆಯುಷ್ಯದುದ್ದಕ್ಕೂ ಬರುತ್ತದೆ ಎಂಬುದು ಮೊದಲನೆಯದು. ಬದಲಾಯಿಸುವುದೇ ಆದರೆ ಜಿಎಲ್-4 ಎಂಬ ವರ್ಗದ ಎಣ್ಣೆ ಬಿಟ್ಟು ಅದಕ್ಕಿಂತ ಮೇಲಿನ ದರ್ಜೆಯ ಜಿಎಲ್-5 ಹಾಕಿಸಿದರೆ ಗೇರ್ ಇನ್ನಷ್ಟು ನಯವಾಗಿ ಬೀಳುತ್ತದೆ ಎಂಬುದು ಎರಡನೆಯದು. ಮೊದಲನೆಯ ಮಾತನ್ನು ನಂಬಿದವರ ಗೇರ್‌ಬಾಕ್ಸ್ ನಿಧಾನವಾಗಿ ಸವೆಯುತ್ತದೆ. ಎರಡನೆಯದನ್ನು ನಂಬಿದವರದು ಬೇಗ ಸವೆಯಬಹುದು. ಆದ್ದರಿಂದ ಈ ಪತ್ರ.

ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ನಾನು ಹೇಳಬಯಸುವುದು ಇಷ್ಟು: ಎಣ್ಣೆ ಬದಲಾದರೆ ಗೇರ್ ಬೀಳುವ ಹದ ಬದಲಾಗುವುದು ನಿಜ, ಅದು ಮಾಲೀಕರ ಭ್ರಮೆಯಲ್ಲ. ಆದರೆ ಎಣ್ಣೆ ಹೆಚ್ಚು ಜಾರಿದಷ್ಟೂ ಗೇರ್ ಹಗುರವಾಗುತ್ತದೆ ಎಂಬ ತಿಳಿವಳಿಕೆ ತಪ್ಪು. ಗೇರ್‌ಬಾಕ್ಸಿನೊಳಗೆ ಎಣ್ಣೆಗೆ ಎರಡು ಕೆಲಸಗಳಿವೆ, ಅವು ಒಂದಕ್ಕೊಂದು ವಿರುದ್ಧವಾದವು. ಗೇರುಗಳ ಹಲ್ಲುಗಳ ನಡುವೆ ಮತ್ತು ಬೇರಿಂಗುಗಳಲ್ಲಿ ಅದು ಘರ್ಷಣೆಯನ್ನು ತಗ್ಗಿಸಬೇಕು. ಅಲ್ಲಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವ ಸಿಂಕ್ರೊ ರಿಂಗುಗಳ ಬಳಿ ಅದೇ ಎಣ್ಣೆ ಘರ್ಷಣೆ ಹುಟ್ಟಲು ಅವಕಾಶ ಕೊಡಬೇಕು. ಕೈಗೆ ಗೇರ್ ಲಿವರ್ ಹೇಗೆ ಅನ್ನಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಎರಡನೆಯ ಕೆಲಸ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲಿ ಮುಂದಕ್ಕೆ ಚಲಿಸುವ ಗೇರುಗಳ ಜೋಡಿಗಳೆಲ್ಲ ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಗೇರ್ ತನ್ನ ಶಾಫ್ಟಿನ ಮೇಲೆ ಬಿಡಿಯಾಗಿ ಸುತ್ತುತ್ತದೆ. ನಾವು ಲಿವರನ್ನು ತಳ್ಳಿದಾಗ ಸರಿಯುವುದು ಸ್ಲೀವ್ ಎಂಬ ಉಂಗುರ, ಅದು ಆ ಬಿಡಿ ಗೇರನ್ನು ಶಾಫ್ಟಿಗೆ ಬಂಧಿಸುತ್ತದೆ. ಬಂಧಿಸುವ ಮೊದಲು ಎರಡರ ವೇಗವೂ ಒಂದಾಗಬೇಕು, ಇಲ್ಲದಿದ್ದರೆ ಹಲ್ಲಿಗೆ ಹಲ್ಲು ಬಡಿದು ಕರಕರ ಸದ್ದು ಬರುತ್ತದೆ. ವೇಗವನ್ನು ಒಂದಾಗಿಸುವುದು ಸಿಂಕ್ರೊ ರಿಂಗ್. ಅದರ ಒಳಮೈ ಶಂಕುವಿನ ಆಕಾರದಲ್ಲಿದ್ದು ಗೇರಿನ ಶಂಕುವಿನ ಮೇಲೆ ಒತ್ತಿಕೊಳ್ಳುತ್ತದೆ. ಕ್ರಿಯೆಯಲ್ಲಿ ಅದು ಒಂದು ಪುಟ್ಟ ಬ್ರೇಕ್. ರಿಂಗಿನ ಒಳಮೈಯಲ್ಲಿ ಕೊರೆದಿರುವ ಸಣ್ಣ ಗೀರುಗಳು ನಡುವಿನ ಎಣ್ಣೆಯ ಪೊರೆಯನ್ನು ಕತ್ತರಿಸಿ ಪಕ್ಕಕ್ಕೆ ತಳ್ಳುತ್ತವೆ, ಪೊರೆ ಹರಿದ ಮೇಲೆ ಲೋಹಕ್ಕೆ ಲೋಹ ಹಿಡಿತ ಸಿಗುತ್ತದೆ. ವೇಗ ಒಂದಾಗುವವರೆಗೆ ರಿಂಗಿನ ಹೊರ ಅಂಚಿನ ಹಲ್ಲುಗಳು ಸ್ಲೀವ್‌ಗೆ ಅಡ್ಡ ನಿಂತಿರುತ್ತವೆ. ಒಂದಾದ ಗಳಿಗೆಗೆ ಘರ್ಷಣೆಯ ಒತ್ತಡ ಇಳಿದು, ರಿಂಗ್ ತುಸು ತಿರುಗಿ ದಾರಿ ಬಿಡುತ್ತದೆ, ಸ್ಲೀವ್ ಒಳಗೆ ಸರಿಯುತ್ತದೆ. ಇಷ್ಟೂ ನಡೆಯುವುದು ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ. ಲಿವರನ್ನು ತಳ್ಳುವಾಗ ಅಂಗೈಗೆ ಮೊದಲು ಸಿಗುವ ಮೆದು ತಡೆ, ಆಮೇಲೆ ಅದು ಸಡಿಲಗೊಂಡು ಗೇರ್ ಟಕ್ಕನೆ ಕೂರುವುದು, ಇವೆರಡೂ ಈ ಕ್ರಿಯೆಯ ಹೆಜ್ಜೆಗಳೇ.

ಈಗ ಎಣ್ಣೆಯ ಪಾತ್ರ ಸ್ಪಷ್ಟವಾಗುತ್ತದೆ. ಎಣ್ಣೆ ತೀರ ದಪ್ಪವಾಗಿದ್ದರೆ ಪೊರೆ ಹರಿಯಲು ತಡವಾಗುತ್ತದೆ. ಲಿವರ್ ಮರದ ಗೂಟಕ್ಕೆ ತಾಗಿದ ಹಾಗೆ ನಿಂತುಬಿಡುತ್ತದೆ. ಎಣ್ಣೆಯಲ್ಲಿನ ರಾಸಾಯನಿಕಗಳು ಲೋಹದ ಮೈಗೆ ಅತಿಯಾಗಿ ಜಾರಿಕೆ ಕೊಡುವಂತಿದ್ದರೆ ಪೊರೆ ಹರಿದರೂ ಹಿಡಿತ ಸಿಗುವುದಿಲ್ಲ. ರಿಂಗ್ ವೇಗವನ್ನು ಒಂದಾಗಿಸಲಾರದೆ, ಅಡ್ಡ ನಿಲ್ಲಲೂ ಆಗದೆ ಸ್ಲೀವನ್ನು ಒಳಗೆ ಬಿಟ್ಟುಬಿಡುತ್ತದೆ. ಆಗ ಕೇಳಿಸುವುದೇ ಆ ಕರಕರ ಸದ್ದು. ಇಂಥ ಎಣ್ಣೆ ಹಾಕಿದ ಗೇರ್‌ಬಾಕ್ಸ್ ಆತುರವಿಲ್ಲದೆ ಓಡಿಸುವಾಗ ಬೆಣ್ಣೆಯಂತೆ ಅನ್ನಿಸಬಹುದು, ಏಕೆಂದರೆ ತಡೆಯೇ ಇರುವುದಿಲ್ಲ. ಎಂಜಿನ್ ವೇಗವನ್ನು ಮೇಲಕ್ಕೇರಿಸಿ ಚುರುಕಾಗಿ ಗೇರ್ ಬದಲಿಸಿದಾಗ ಬಣ್ಣ ಬಯಲಾಗುತ್ತದೆ. ಹೊಸ ಎಣ್ಣೆಯ ಗುಣವನ್ನು ನಿಧಾನದ ಓಡಾಟದಲ್ಲಷ್ಟೇ ಅಳೆದು ತೀರ್ಪು ಕೊಡುವವರು ಈ ಒಂದು ಅಂಶವನ್ನು ಗಮನಿಸಬೇಕೆಂದು ಕೋರುತ್ತೇನೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಇಷ್ಟು ಎದ್ದು ಕಾಣಲು ಕಾರಣವನ್ನು ಲೆಕ್ಕದಲ್ಲೇ ತೋರಿಸಬಹುದು. ಹೋಂಡಾ ಎಸ್2000 ಕಾರಿನ ಮೊದಲ ಮಾದರಿಯನ್ನೇ ತೆಗೆದುಕೊಳ್ಳೋಣ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 9,000 ಸುತ್ತುಗಳವರೆಗೆ ಏರುತ್ತದೆ. ಮೊದಲ ಗೇರಿನ ಅನುಪಾತ 3.133, ಎರಡನೆಯದು 2.045, ಐದನೆಯದು 0.970, ಆರನೆಯದು 0.810. ಆ ತುದಿಯಲ್ಲಿ ಒಂದರಿಂದ ಎರಡಕ್ಕೆ ಬದಲಿಸಿದರೆ ಕ್ಲಚ್ ಡಿಸ್ಕ್ ಮತ್ತು ಇನ್‌ಪುಟ್ ಶಾಫ್ಟಿನ ವೇಗ ಸುಮಾರು 3,100 ಸುತ್ತುಗಳಷ್ಟು ಇಳಿಯಬೇಕು. ಐದರಿಂದ ಆರಕ್ಕೆ ಬದಲಿಸುವಾಗ ಇಳಿಯಬೇಕಾದುದು ಸುಮಾರು 1,500 ಸುತ್ತು ಮಾತ್ರ. ವೇಗದ ಅಂತರ ಎರಡರಷ್ಟಾದರೆ ಸಿಂಕ್ರೊ ರಿಂಗ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ, ಏಕೆಂದರೆ ತಿರುಗುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎರಡನೇ ಗೇರಿನ ಬಗ್ಗೆಯೇ ಎಲ್ಲೆಡೆ ಹೆಚ್ಚು ದೂರು ಕೇಳಿಬರುವುದಕ್ಕೂ, ತಯಾರಕರು ಕೆಳಗಿನ ಗೇರುಗಳಿಗೆ ಎರಡು ಅಥವಾ ಮೂರು ಶಂಕುಗಳ ರಿಂಗುಗಳನ್ನು ಜೋಡಿಸುವುದಕ್ಕೂ ಇದೇ ಕಾರಣ. ಸಾಮಾನ್ಯ ಕಾರಿನಲ್ಲಿ 3,000 ಸುತ್ತುಗಳ ಆಸುಪಾಸಿನಲ್ಲಿ ಗೇರ್ ಬದಲಿಸುವವರಿಗೆ ಎಣ್ಣೆಯ ಹೊಂದಾಣಿಕೆಯ ಕೊರತೆ ತಿಳಿಯದೇ ಹೋಗಬಹುದು. ಲಿವರಿನ ಚಲನೆಯನ್ನು ಕಿರಿದಾಗಿಸುವ ಶಾರ್ಟ್ ಶಿಫ್ಟರ್ ಹಾಕಿಸಿಕೊಂಡವರಿಗಂತೂ ಅದು ಇನ್ನೂ ಬೇಗ ತಿಳಿಯುತ್ತದೆ. ಚಲನೆ ಕಿರಿದಾದಷ್ಟೂ ಸನ್ನೆಯ ಬಲ ಕುಗ್ಗಿ, ಅದೇ ಕೆಲಸಕ್ಕೆ ಕೈ ಹೆಚ್ಚು ಒತ್ತಬೇಕಾಗುತ್ತದೆ.

ಇನ್ನು ಜಿಎಲ್-4 ಮತ್ತು ಜಿಎಲ್-5ರ ಪ್ರಶ್ನೆ. ಇವು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ರೂಪಿಸಿದ ವರ್ಗಗಳು. ಎಂಜಿನ್ ಆಯಿಲ್‌ನ ಹೊಸ ದರ್ಜೆ ಸಾಮಾನ್ಯವಾಗಿ ಹಳೆಯದರ ಜಾಗದಲ್ಲಿ ನಿಲ್ಲಬಲ್ಲದು. ಅದೇ ನಿಯಮವನ್ನು ಇಲ್ಲಿಗೂ ತಂದದ್ದರಿಂದಲೇ ಲೇಖನದಲ್ಲಿ ತಪ್ಪು ನುಸುಳಿದೆ ಎಂದು ನನಗನ್ನಿಸುತ್ತದೆ. ಜಿಎಲ್-5 ರೂಪುಗೊಂಡಿರುವುದು ಮುಖ್ಯವಾಗಿ ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಎಂಬ ಬಗೆಯ ಗೇರುಗಳಿಗಾಗಿ. ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಉಜ್ಜಿಕೊಂಡು ಸರಿಯುತ್ತವೆ. ಅದನ್ನು ತಡೆದುಕೊಳ್ಳಲು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿರುತ್ತಾರೆ. ಜಿಎಲ್-4ರಲ್ಲಿ ಅವುಗಳ ಪ್ರಮಾಣ ಸಾಮಾನ್ಯವಾಗಿ ಅದರ ಅರ್ಧದಷ್ಟಿರುತ್ತದೆ. ಲೋಹದ ಮೈಮೇಲೆ ರಕ್ಷಣೆಯ ಪದರ ಕಟ್ಟುವ ಈ ಸಂಯುಕ್ತಗಳು ಸಿಂಕ್ರೊ ರಿಂಗಿನ ಮೇಲೂ ಕೂರುತ್ತವೆ, ಹಿಡಿತವನ್ನು ಕಸಿಯುತ್ತವೆ. ಹೆಚ್ಚು ಬಿಸಿಯಲ್ಲಿ ಸಕ್ರಿಯ ಗಂಧಕವು ಹಿತ್ತಾಳೆ, ಕಂಚಿನಂಥ ತಾಮ್ರದ ಮಿಶ್ರಲೋಹಗಳನ್ನು ತಿನ್ನುತ್ತದೆ ಎಂಬ ಹಳೆಯ ಆಕ್ಷೇಪವೂ ಇದೆ. ನ್ಯಾಯವಾಗಿ ಹೇಳುವುದಾದರೆ, ಈಗಿನ ಅನೇಕ ಜಿಎಲ್-5 ಎಣ್ಣೆಗಳಲ್ಲಿ ಗಂಧಕವನ್ನು ಅಷ್ಟು ಸಕ್ರಿಯವಲ್ಲದ ರೂಪದಲ್ಲಿ ಬಳಸುತ್ತಾರೆ, ಹಾಗಾಗಿ ಲೋಹ ತಿನ್ನುವ ಭಯ ಮೊದಲಿನಷ್ಟಿಲ್ಲ. ಹಿಡಿತ ತಪ್ಪುವ ಸಮಸ್ಯೆ ಮಾತ್ರ ಹಾಗೆಯೇ ಉಳಿದಿದೆ.

ಹಾಗೆಂದು ಜಿಎಲ್-5 ಎಲ್ಲ ಗೇರ್‌ಬಾಕ್ಸುಗಳಿಗೂ ನಿಷಿದ್ಧವೆಂದು ಯಾರೂ ತಿಳಿಯಬಾರದು. ಸುಬಾರು ಕಾರುಗಳ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಮತ್ತು ಮುಂದಿನ ಡಿಫರೆನ್ಷಿಯಲ್ ಒಂದೇ ಎಣ್ಣೆಯಲ್ಲಿ ಓಡುತ್ತವೆ. ಅಲ್ಲಿ ಹೈಪಾಯ್ಡ್ ಗೇರಿನ ರಕ್ಷಣೆಗಾಗಿ ತಯಾರಕರೇ ಜಿಎಲ್-5 ಸೂಚಿಸುತ್ತಾರೆ, ಅದಕ್ಕೆ ತಕ್ಕ ಹಾಗೆ ಸಿಂಕ್ರೊಗಳನ್ನೂ ರೂಪಿಸಿರುತ್ತಾರೆ. ಅಂಥ ಕಾರಿಗೆ ಗೇರ್ ಹಗುರವಾಗಲಿ ಎಂದು ಜಿಎಲ್-4 ಹಾಕಿದರೆ ಡಿಫರೆನ್ಷಿಯಲ್‌ನ ಹಲ್ಲುಗಳು ಅಪಾಯಕ್ಕೆ ಸಿಕ್ಕುತ್ತವೆ. ಇನ್ನೊಂದು ತುದಿಯಲ್ಲಿ, ಅನೇಕ ಅಮೆರಿಕನ್ ಸ್ಪೋರ್ಟ್ಸ್ ಕಾರುಗಳಲ್ಲಿ ಬಳಕೆಯಾದ ಟಿ-56 ಎಂಬ ಆರು ಗೇರುಗಳ ಗೇರ್‌ಬಾಕ್ಸಿಗೆ ಸೂಚಿಸಿದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ. ಅದರಲ್ಲಿ 75ಡಬ್ಲ್ಯು-90 ಎಂಬ ದಪ್ಪ ಗೇರ್ ಆಯಿಲ್ ತುಂಬಿದರೆ ಚಳಿಯಲ್ಲಿ ಎರಡನೇ ಗೇರ್ ಹಾಕುವುದೇ ಸಾಹಸವಾಗುತ್ತದೆ. ರಿಂಗಿನ ಮೈ ಹಿತ್ತಾಳೆಯದೋ, ಮಾಲಿಬ್ಡಿನಂ ಲೇಪಿತ ಉಕ್ಕಿನದೋ, ಕಾರ್ಬನ್ ಪದರದ್ದೋ ಎಂಬುದರ ಮೇಲೆ ಬೇಕಾಗುವ ಎಣ್ಣೆಯ ಘರ್ಷಣೆಯ ಗುಣ ಬೇರೆಯಾಗುತ್ತದೆ. ಆದ್ದರಿಂದ ‘ಎಲ್ಲಕ್ಕಿಂತ ಒಳ್ಳೆಯ ಗೇರ್ ಆಯಿಲ್ ಯಾವುದು’ ಎಂಬ ಪ್ರಶ್ನೆಗೆ ಗೇರ್‌ಬಾಕ್ಸ್ ಯಾವುದೆಂದು ತಿಳಿಯದೆ ಉತ್ತರವಿಲ್ಲ. ಕಾರಿನ ಕೈಪಿಡಿಯಲ್ಲಿ ಇರುವ ಒಂದು ಸಾಲು ಇಂಥ ಎಲ್ಲ ಚರ್ಚೆಗಿಂತ ಹೆಚ್ಚು ತೂಕದ್ದು.

ಸ್ನಿಗ್ಧತೆಯ, ಅಂದರೆ ಎಣ್ಣೆಯ ದಪ್ಪದ, ಸಂಖ್ಯೆಗಳೂ ಜನರನ್ನು ದಾರಿ ತಪ್ಪಿಸುತ್ತವೆ. ಗೇರ್ ಆಯಿಲ್‌ನ 90 ಎಂಬುದು ಎಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ದಪ್ಪ ಎಂದು ಭಾವಿಸುವವರಿದ್ದಾರೆ. ಎರಡರ ಅಳತೆಗೋಲೇ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ 75ಡಬ್ಲ್ಯು-90 ಗೇರ್ ಆಯಿಲ್ ಮತ್ತು 10ಡಬ್ಲ್ಯು-40 ಎಂಜಿನ್ ಆಯಿಲ್ ಹೆಚ್ಚುಕಡಿಮೆ ಒಂದೇ ತೆಳುವಿಗೆ ಬರುತ್ತವೆ. ಗೇರ್ ಬೀಳುವ ಹದಕ್ಕೆ ಹೆಚ್ಚು ಸಂಬಂಧಿಸಿದ್ದು ಮೊದಲ ಸಂಖ್ಯೆ, ಅಂದರೆ ತಂಪಿನಲ್ಲಿ ಎಣ್ಣೆ ಎಷ್ಟು ಹರಿಯುತ್ತದೆ ಎಂಬುದು. 75ಡಬ್ಲ್ಯು ಎಣ್ಣೆ ಮೈನಸ್ 40 ಡಿಗ್ರಿಯಲ್ಲಿ ಮೀರಬಾರದ ದಪ್ಪದ ಮಿತಿಯನ್ನು 80ಡಬ್ಲ್ಯು ಎಣ್ಣೆ ಮೈನಸ್ 26 ಡಿಗ್ರಿಯಲ್ಲಿ ಮೀರದಿದ್ದರೆ ಸಾಕು. ಅಷ್ಟು ಚಳಿ ಬಹಳ ಕಡೆ ಬರುವುದಿಲ್ಲ ನಿಜ, ಆದರೆ ಬೆಳಗಿನ ತಂಪಿನಲ್ಲೇ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಹಳೆಯ ಖನಿಜ ಎಣ್ಣೆಯಿಂದ ಅದೇ ಜಿಎಲ್ ವರ್ಗದ ಒಳ್ಳೆಯ ಸಿಂಥೆಟಿಕ್ ಎಣ್ಣೆಗೆ ಬದಲಾದವರು ಮೊದಲ ಕೆಲವು ಕಿಲೋಮೀಟರ್‌ಗಳಲ್ಲೇ ಎರಡನೇ ಗೇರಿನ ಬಿಗಿತ ಇಳಿದಿದೆ ಎನ್ನುವುದು ಇದರಿಂದಲೇ. ಗೇರ್‌ಬಾಕ್ಸ್ ಪೂರ್ತಿ ಬಿಸಿಯಾದ ಮೇಲೆ ಆ ಅಂತರ ಬಹಳ ಕಡಿಮೆ. ತೀರ ತೆಳುವಾದ ಎಣ್ಣೆಗೆ ಇಳಿದರೆ ಬಿಸಿಯಲ್ಲಿ, ನ್ಯೂಟ್ರಲ್‌ನಲ್ಲಿ ನಿಂತಾಗ, ಗೇರುಗಳು ಗಲಗಲ ಎನ್ನುವುದು ಕೇಳಿಸಬಹುದು. ದಪ್ಪ ಎಣ್ಣೆ ಆ ಸದ್ದನ್ನು ನುಂಗಿಕೊಂಡಿರುತ್ತದೆ.

‘ಆಯುಷ್ಯದುದ್ದಕ್ಕೂ ಬರುವ ಎಣ್ಣೆ’ ಎಂಬ ಮಾತಿಗೆ ಬರುತ್ತೇನೆ. ಗೇರ್‌ಬಾಕ್ಸಿನಲ್ಲಿ ಇಂಧನ ಉರಿಯುವುದಿಲ್ಲ, ಮಸಿ ಸೇರುವುದಿಲ್ಲ. ಆದ್ದರಿಂದ ಅದರ ಎಣ್ಣೆ ಎಂಜಿನ್ ಆಯಿಲ್‌ಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ ಎಂಬುದು ಸರಿಯೇ. ಆದರೂ ಗೇರಿನ ಹಲ್ಲುಗಳು ಎಣ್ಣೆಯ ಉದ್ದನೆಯ ಅಣುಗಳನ್ನು ಕತ್ತರಿಸುತ್ತಲೇ ಇರುತ್ತವೆ, ಬಿಸಿಯಲ್ಲಿ ಆಕ್ಸಿಡೀಕರಣ ನಡೆಯುತ್ತದೆ, ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳು ಖರ್ಚಾಗುತ್ತವೆ. ಹೆಚ್ಚಿನ ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲಿ ಎಣ್ಣೆ ಸೋಸುವ ಫಿಲ್ಟರ್ ಇಲ್ಲ ಎಂಬುದನ್ನೂ ಮರೆಯಬಾರದು. ಸವೆದ ಲೋಹದ ಪುಡಿಯಲ್ಲಿ ಡ್ರೈನ್ ಪ್ಲಗ್ಗಿನ ಅಯಸ್ಕಾಂತ ಹಿಡಿಯುವುದು ಉಕ್ಕನ್ನು ಮಾತ್ರ, ಹಿತ್ತಾಳೆಯ ಪುಡಿ ಎಣ್ಣೆಯಲ್ಲೇ ತೇಲುತ್ತ ಬೇರಿಂಗುಗಳವರೆಗೂ ಹೋಗಿಬರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಕಾರಿನ ಎಣ್ಣೆ ಇನ್ನೂ ಬೇಗ ಸೋಲುತ್ತದೆ. ಹೊಸ ಗೇರ್‌ಬಾಕ್ಸಿನಲ್ಲಿ ಬಿಡಿಭಾಗಗಳು ಒಂದಕ್ಕೊಂದು ಒಗ್ಗುವ ಮೊದಲ ಅವಧಿಯಲ್ಲೇ ಪುಡಿ ಹೆಚ್ಚು ಬರುವುದರಿಂದ ಮೊದಲ ಬದಲಾವಣೆಯನ್ನು ಬೇಗ ಮಾಡಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಸಿದ ಎಣ್ಣೆಯನ್ನು ನೋಡದೆ ಚೆಲ್ಲುವುದು ತಪ್ಪು. ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪಾದ ಲೇಪ ಕಂಡರೆ ಗಾಬರಿ ಬೇಡ, ಅದು ಸಹಜ ಸವೆತ. ಬೆಳಕಿಗೆ ಹಿಡಿದಾಗ ಎಣ್ಣೆಯಲ್ಲಿ ಚಿನ್ನದ ಬಣ್ಣದ ಮಿನುಗು ಕಂಡರೆ ಅದು ಸಿಂಕ್ರೊ ರಿಂಗುಗಳಿಂದ ಬಂದದ್ದು. ತುಸು ಇರುವುದು ಸಾಮಾನ್ಯ, ದಟ್ಟವಾಗಿದ್ದರೆ ರಿಂಗುಗಳು ಮುಗಿಯುತ್ತ ಬಂದಿವೆ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕಿದರೆ ಮಾತ್ರ ಹೊಸ ಎಣ್ಣೆ ತುಂಬುವ ಮೊದಲು ಗೇರ್‌ಬಾಕ್ಸ್ ಬಿಚ್ಚಿಸಬೇಕು.

ಎಣ್ಣೆ ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದನ್ನು ಲೇಖನ ಹೇಳಬೇಕಿತ್ತು. ಎಂಜಿನ್ ನಿಲ್ಲಿಸಿ ಲಿವರನ್ನು ಎಲ್ಲ ಗೇರುಗಳಿಗೂ ಆಡಿಸಿ ನೋಡಿ. ಆಗಲೂ ಅದು ಬಿಗಿಯಾಗಿದ್ದರೆ ಅಥವಾ ಸಡಿಲವಾಗಿ ಅಲ್ಲಾಡಿದರೆ ದೋಷ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜ್, ಕೇಬಲ್ ಇಲ್ಲವೇ ಬುಷ್‌ಗಳಲ್ಲಿದೆ. ಕ್ಲಚ್ಚನ್ನು ಪೂರ್ತಿ ಒತ್ತಿ ಸ್ವಲ್ಪ ಹೊತ್ತು ಕಾದ ಮೇಲೂ ರಿವರ್ಸ್ ಹಾಕುವಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅರ್ಥ. ಕ್ಲಚ್ಚಿನ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಗಾಳಿ ಸೇರಿದ್ದರೂ ಹೀಗಾಗುತ್ತದೆ. ಯಾವುದೋ ಒಂದೇ ಗೇರ್ ಮಾತ್ರ ಕಾಡುತ್ತಿದ್ದು, ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ವೇಗ ಹೊಂದಿಸಿ ಮತ್ತೆ ಒತ್ತಿ ಹಾಕಿದಾಗ ಆ ಗೇರ್ ಸಲೀಸಾಗಿ ಕೂತರೆ ಆ ಗೇರಿನ ಸಿಂಕ್ರೊ ಸವೆದಿದೆ. ಸವೆದ ರಿಂಗಿಗೆ ತಕ್ಕ ಎಣ್ಣೆ ಕೆಲಕಾಲ ಆಸರೆಯಾಗಬಹುದು, ಕಳೆದುಹೋದ ಲೋಹವನ್ನು ಮರಳಿ ತರಲಾರದು. ಮಾಜ್ಡಾ ಎಂಎಕ್ಸ್-5 ಕಾರಿನ ಮೊದಲ ಎರಡು ತಲೆಮಾರುಗಳ ಐದು ಗೇರುಗಳ ಗೇರ್‌ಬಾಕ್ಸಿನಲ್ಲಿ ಗೇರ್ ಲಿವರಿನ ಬುಡಕ್ಕೇ ಪ್ರತ್ಯೇಕವಾದ ಪುಟ್ಟ ಎಣ್ಣೆಯ ಗೂಡಿದೆ ಎಂಬುದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಹೊಸದಾಗಿದ್ದರೂ ಆ ಗೂಡು ಒಣಗಿದ್ದರೆ ಲಿವರ್ ಒರಟಾಗಿಯೇ ಇರುತ್ತದೆ.

ಹೊಸ ಎಣ್ಣೆಯಿಂದ ಏನು ಬದಲಾಯಿತು ಎಂದು ತೂಗಿ ನೋಡುವಾಗಲೂ ಎಚ್ಚರ ಬೇಕು. ಎಣ್ಣೆ ಇಳಿಸುವುದು ಗೇರ್‌ಬಾಕ್ಸ್ ಬೆಚ್ಚಗಿರುವಾಗ. ಅಲ್ಲಿಂದ ಹೊರಟ ಮಾಲೀಕರು ಬೆಚ್ಚಗಿನ ಗೇರ್‌ಬಾಕ್ಸನ್ನು ಬೆಳಗಿನ ತಂಪಿನ ನೆನಪಿನೊಂದಿಗೆ ಹೋಲಿಸಿ ಅಚ್ಚರಿಪಡುತ್ತಾರೆ. ತಂಪಿಗೆ ತಂಪು, ಬಿಸಿಗೆ ಬಿಸಿ ಹೋಲಿಸಿದಾಗಲೇ ನಿಜ ತಿಳಿಯುವುದು. ರಿಂಗುಗಳ ಮೇಲೆ ಹಳೆಯ ಎಣ್ಣೆಯ ರಾಸಾಯನಿಕ ಪದರ ಇನ್ನೂ ಉಳಿದಿರುವುದರಿಂದ ಹದ ಪೂರ್ತಿ ನೆಲೆಗೊಳ್ಳಲು ಕೆಲವು ದಿನಗಳ ಓಡಾಟವೂ ಬೇಕು.

ಕೆಲಸ ಮಾಡುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರು ಸಮತಟ್ಟಾಗಿ ನಿಂತಿರಬೇಕು. ಕೆಳಗಿನ ಡ್ರೈನ್ ಪ್ಲಗ್ ತೆಗೆಯುವ ಮೊದಲು ಮೇಲಿನ ಫಿಲ್ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಲೇಬೇಕು, ಎಣ್ಣೆ ಇಳಿಸಿದ ಮೇಲೆ ಅದು ಕಚ್ಚಿಕೊಂಡಿರುವುದು ಗೊತ್ತಾದರೆ ಕಾರು ಅಲ್ಲಿಂದ ಕದಲುವಂತಿಲ್ಲ. ಬಹುತೇಕ ಗೇರ್‌ಬಾಕ್ಸುಗಳಲ್ಲಿ ಫಿಲ್ ಪ್ಲಗ್ಗಿನ ತೂತಿನಿಂದ ಎಣ್ಣೆ ಹೊರಗೆ ಸೂಸತೊಡಗಿದಾಗ ಮಟ್ಟ ಸರಿಯಾಯಿತೆಂದು ಲೆಕ್ಕ. ಕಡಿಮೆಯಾದರೆ ಬೇರಿಂಗುಗಳು ಒಣಗುತ್ತವೆ. ಹೆಚ್ಚಾದರೆ ಎಣ್ಣೆ ನೊರೆಗಟ್ಟಿ ಸೀಲುಗಳಿಂದ ಸೋರುತ್ತದೆ. ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆಂದು ಘರ್ಷಣೆ ತಗ್ಗಿಸುವ ದ್ರಾವಣ ಬೆರೆಸಿದ ಎಣ್ಣೆಯನ್ನು, ತಯಾರಕರು ಹೇಳದ ಹೊರತು, ಗೇರ್‌ಬಾಕ್ಸಿಗೆ ಸುರಿಯಬಾರದು.

ಸಂಪಾದಕರೇ, ತಮ್ಮ ಪತ್ರಿಕೆಯಲ್ಲಿ ಬಂದ ಮಾತನ್ನು ನಂಬಿ ಕಾರ್ಯಾಗಾರಕ್ಕೆ ಹೋಗುವವರು ಬಹಳ ಮಂದಿ. ಆದ್ದರಿಂದ ಕೈಪಿಡಿಯಲ್ಲಿ ಜಿಎಲ್-4 ಎಂದಷ್ಟೇ ಇರುವ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಬಾರದು ಎಂಬ ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಪೊಟ್ಟಣದ ಮೇಲೆ ಎರಡೂ ವರ್ಗಗಳ ಹೆಸರನ್ನು ಒಟ್ಟಿಗೆ ಮುದ್ರಿಸಿದ ಎಣ್ಣೆಗಳ ವಿಷಯದಲ್ಲಿ, ಅದು ಸಿಂಕ್ರೊ ಇರುವ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಯೋಗ್ಯವೆಂದು ಎಣ್ಣೆಯ ತಯಾರಕರೇ ಸ್ಪಷ್ಟವಾಗಿ ಹೇಳಿದ್ದಾರೆಯೇ ಎಂದು ಓದುಗರು ನೋಡಿಕೊಳ್ಳಲಿ. ಲೇಖನ ಓದಿ ಈಗಾಗಲೇ ಜಿಎಲ್-5 ಹಾಕಿಸಿಕೊಂಡವರಿದ್ದರೆ, ಗೇರ್ ಕರಕರ ಎನ್ನುವವರೆಗೆ ಕಾಯದೆ ಅದನ್ನು ಇಳಿಸಿ ಸರಿಯಾದ ಎಣ್ಣೆ ತುಂಬಿಸಿಕೊಳ್ಳಲಿ. ಎಷ್ಟೇ ಇಳಿಸಿದರೂ ಮೂಲೆಮೂಲೆಗಳಲ್ಲಿ ಹಳೆಯದು ಸ್ವಲ್ಪ ಉಳಿಯುವುದರಿಂದ, ಹದ ಮರಳದಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಾಯಿಸಬೇಕಾದೀತು.

ಇಂತಿ ತಮ್ಮ ವಿಶ್ವಾಸಿ,
ಗೇರ್‌ಬಾಕ್ಸ್ ಕೆಲಸದ ಒಬ್ಬ ಓದುಗ